ಎಡಗಡೆಯ ಬ್ರೇಕು

ಬೆಳಗಿನ ಮೊದಲ ಶಿಷ್ಯೆ ಕಾಲೇಜು ಹುಡುಗಿ. ಪೇಟೆಯ ತಿರುವು ಬಂದರೂ ಗೇರು ಇಳಿಸದೆ ನುಗ್ಗಿದಳು. ಪಕ್ಕದಲ್ಲಿದ್ದ ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಅಂಗಿಯ ಮೇಲಿನ ಬಿಸ್ಕತ್ತಿನ ಪುಡಿ ಕೊಡವಿಕೊಳ್ಳುತ್ತಿದ್ದರು. ಕಾರು ಮೆತ್ತಗೆ ವೇಗ ಕಳೆದುಕೊಂಡು ತಿರುವು ದಾಟಿತು.

"ನೋಡಿದ್ರಾ ಸರ್, ಎಷ್ಟು ನೀಟಾಗಿ ಸ್ಲೋ ಮಾಡ್ದೆ!"

"ಭೇಷ್," ಎಂದರು ಮೇಷ್ಟ್ರು.

ಬ್ರೇಕು ಒತ್ತಿದ್ದು ಅವರ ಕಾಲು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಬ್ಬಿಣದ ಸರಳು ಅವನ್ನು ಬಲಗಡೆಯ ಪೆಡಲುಗಳಿಗೆ ಜೋಡಿಸಿರುತ್ತದೆ. ಎಡಗಡೆ ಒತ್ತಿದರೆ ಬಲಗಡೆಯದ್ದೂ ಇಳಿಯುತ್ತದೆ. ಅದರ ಮೇಲೆ ಹಗುರವಾಗಿ ಕಾಲಿಟ್ಟು ಕೂತವರಿಗೆ ತಾವೇ ಒತ್ತಿದ ಹಾಗೆ ಅನ್ನಿಸುತ್ತದೆ. ಹೊಸಬರ ಭಯ ಬಿಡಿಸಲು ಮೊದಮೊದಲು ಹಾಗೆ ಅಂದುಕೊಳ್ಳಲು ಬಿಡುತ್ತಾರೆ. ಆಮೇಲೆ ಮೇಷ್ಟ್ರಾದವನು ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕಲಿಸುವ ಕೆಲಸದಲ್ಲಿ ಅರ್ಧ ಇರುವುದು ಇದರಲ್ಲೇ. ಈ ಮೇಷ್ಟ್ರಿಗೆ ಆ ಅರ್ಧವೂ ಚೆನ್ನಾಗಿಯೇ ಬರುತ್ತದೆ, ಹೊರಗಿನವರ ವಿಷಯದಲ್ಲಿ. ಪೇಟೆಯ ಡಾಕ್ಟರು, ಹಾಲಿನ ವ್ಯಾನಿನವನು, ಬ್ಯಾಂಕಿನ ಇಬ್ಬರು ಗುಮಾಸ್ತರು, ಎಲ್ಲರೂ ಅವರ ಕೈಕೆಳಗೇ ಪಳಗಿದವರು. ರಸ್ತೆಯಲ್ಲಿ ಅರ್ಧ ಜನ ಅವರನ್ನು ಕಂಡರೆ ಹಾರ್ನ್ ಹೊಡೆದು ನಮಸ್ಕಾರ ಹೇಳುತ್ತಾರೆ.

ಆ ಕಾಲು ಮನೆಯಲ್ಲೂ ಸುಮ್ಮನಿರುವುದಿಲ್ಲ. ಟಿವಿಯಲ್ಲಿ ಲಾರಿ ಬಂದರೆ ನೆಲ ಒತ್ತುತ್ತದೆ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವನ ಹಿಮ್ಮಡಿಗೆ ತಾಗುತ್ತದೆ. ಹೆಂಡತಿ ಸ್ವಲ್ಪ ಉದ್ದ ಮಾತಾಡಿದರೂ ಮೇಜಿನ ಕೆಳಗೆ ಹೆಬ್ಬೆರಳು ಇಳಿಯುತ್ತದೆ. ಮಕ್ಕಳಿಬ್ಬರೂ ಮನೆಯಲ್ಲಿದ್ದಾಗ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. "ಅಮ್ಮಾ, ಅಪ್ಪ ಬ್ರೇಕ್ ಹಾಕಿದ್ರು, ನಿಲ್ಸು!" ಎಂದು ಕೂಗುತ್ತಿದ್ದರು. ಆಕೆಯೂ ನಗುತ್ತಿದ್ದರು. ಮಾತು ಮಾತ್ರ ಅಲ್ಲಿಗೇ ನಿಲ್ಲುತ್ತಿತ್ತು.

ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಒಗೆದು ಒಣಗಿದ ಹಾಸುಬಟ್ಟೆ ಅವರ ಮೇಜಿಗೆ ಬರುತ್ತದೆ. ಎದುರಿನ ಗೆಳತಿ ಎರಡು ಮೂಲೆ ಹಿಡಿದರೆ ಈಕೆ ಎರಡು ಮೂಲೆ ಹಿಡಿದು ಒಂದು ಝಾಡಿಸಿ ಮಡಚಬೇಕು. ದಿನವಿಡೀ ಇದೇ. ಆ ಕೋಣೆಯಲ್ಲಿ ಬಿಸಿ ಹಬೆ, ಸೋಪಿನ ವಾಸನೆ ಮತ್ತು ಹೆಂಗಸರ ಮಾತು ಮೂರಕ್ಕೂ ಬಿಡುವಿಲ್ಲ.

ಆಕೆಯ ತಾಯಿ ಪೇಟೆಯ ಇನ್ನೊಂದು ತುದಿಯಲ್ಲಿ, ಆಕೆಯ ತಮ್ಮನ ಮನೆಯಲ್ಲಿದ್ದಾರೆ. ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದು ಮಸುಕು. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಆ ಮತ್ತೆ ಮತ್ತೆಯ ನಡುವೆ ಅಪರೂಪಕ್ಕೆ ಹೊಸದೊಂದು ಮಾತು ಬರುತ್ತದೆ. ಮಗಳು ಸಣ್ಣವಳಿದ್ದಾಗಿನ ಯಾವುದೋ ಸಂಗತಿ, ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಅದಕ್ಕಾಗಿ ಕಾದು ಕೂರಬೇಕು. ಮೇಷ್ಟ್ರು ಕರೆದುಕೊಂಡು ಹೋದಾಗ ಕೂರಲು ಆಗುತ್ತಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟ ಕೂಡಲೇ ಅವರು ಬೀಗದ ಕೈ ಕುಲುಕುತ್ತಾ "ಹೊರಡೋಣ್ವಾ?" ಎನ್ನುತ್ತಿದ್ದರು. ಕೇಳುವ ಧಾಟಿ ಪ್ರಶ್ನೆಯದಾದರೂ ಅಷ್ಟರಲ್ಲಿ ಅವರ ಒಂದು ಕಾಲು ಚಪ್ಪಲಿಯೊಳಗೆ ಇರುತ್ತಿತ್ತು.

"ನಂಗೂ ಕಾರು ಕಲಿಸ್ರಿ," ಎಂದು ಆಕೆ ಕೇಳಲು ಶುರು ಮಾಡಿದ್ದು ಎಷ್ಟೋ ವರ್ಷಗಳ ಹಿಂದೆ. ಕೊನೆಗೂ ಮೇಷ್ಟ್ರು ಒಪ್ಪಿದಾಗ ಲಾಂಡ್ರಿಯ ಗೆಳತಿಯರು ಮೇಜಿನ ಮೇಲೆ ತಟ್ಟೆ ಬಡಿದರು. ಸ್ಕೂಲಿನ ಹಳೆಯ ಬಿಳಿ ಕಾರಿನಲ್ಲಿ, ಸಂಜೆಯ ಪಾಠಗಳು ಮುಗಿದ ಮೇಲೆ, ಗಂಡನೇ ಕಲಿಸಿದರು. ಬೈಯಲಿಲ್ಲ. ಅದೇ ದೊಡ್ಡ ಆಶ್ಚರ್ಯವಾಗಿತ್ತು. ಒಮ್ಮೆ ಬಸ್ ನಿಲ್ದಾಣದ ಹತ್ತಿರ ನಾಯಿಯೊಂದು ಗಾಲಿಯಡಿಗೇ ಬಂತು. ಕಾರು ಗಕ್ಕನೆ ನಿಂತಿತು. ನಾಯಿ ಬಾಲ ಮುದುರಿಕೊಂಡು ದಾಟಿ ಹೋಯಿತು. ಮಾರನೇ ದಿನ ಆ ಕಥೆಯನ್ನು ಆಕೆ ಲಾಂಡ್ರಿಯಲ್ಲಿ ಹಾಸುಬಟ್ಟೆ ಕೆಳಗಿಟ್ಟು, ಕಾಲು ನೆಲಕ್ಕೆ ಬಡಿದು ತೋರಿಸಿ ಹೇಳಿದರು. ಎದುರು ಮಡಚುವ ಗೆಳತಿ "ನಾಯಿ ಪುಣ್ಯ ಮಾಡಿತ್ತು ಕಣೇ, ನನ್ನ ಕೈಗೆ ಸಿಕ್ಕಿದ್ರೆ ಚಟ್ನಿ," ಎಂದಳು. ಆ ಕಥೆ ಆಮೇಲೆ ಎಷ್ಟೋ ಸಲ ಬೇಡಿಕೆಯ ಮೇಲೆ ಮರುಪ್ರಸಾರವಾಯಿತು.

ಲೈಸೆನ್ಸ್ ಪರೀಕ್ಷೆಯ ದಿನ ಅಧಿಕಾರಿ ಮೈದಾನದ ಅಂಚಿನಲ್ಲಿ ನೆರಳು ಹುಡುಕಿ ನಿಂತಿದ್ದರು. ಕಾರಿನ ಎಡಗಡೆ ಮೇಷ್ಟ್ರೇ ಕೂತಿದ್ದರು. ಆಕೆ ಒಂದೇ ಸಲಕ್ಕೆ ಪಾಸಾದರು.

ಹಳೆ ಕಾರು ಮಾರುವ ಅಂಗಳವೊಂದು ಆಸ್ಪತ್ರೆಯ ದಾರಿಯಲ್ಲೇ ಇದೆ. ಅಲ್ಲಿ ಬೇಲಿಯ ಪಕ್ಕ ಪುಟ್ಟದೊಂದು ಕೆಂಪು ಕಾರು ನಿಂತಿತ್ತು. ಬಸ್ಸಿನಿಂದ ದಿನವೂ ಕಾಣುತ್ತಿತ್ತು. ಆಕೆ ಒಂದು ದಿನ ಇಳಿದು ಹೋಗಿ ಅದರೊಳಗೆ ಕೂತು ಬಂದರು. ಗಂಡನನ್ನೂ ಕರೆದುಕೊಂಡು ಹೋಗಿ ತೋರಿಸಿದರು. ಮೇಷ್ಟ್ರು ಸುತ್ತು ಹಾಕಿ, ಟೈರಿಗೆ ಒದ್ದು, "ನೋಡೋಣ," ಎಂದರು.

ಅವರ ಮದುವೆಯ ವಾರ್ಷಿಕೋತ್ಸವದ ದಿನ ಬಂತು. ಬೆಳಿಗ್ಗೆ ಬಾಗಿಲು ತೆರೆದರೆ ಮನೆ ಮುಂದೆ ನಿಂತಿದ್ದದ್ದು ಸ್ಕೂಲಿನ ಬಿಳಿ ಕಾರು. ಮಾಲೀಕ ಹೊಸ ಗಾಡಿ ತರಿಸುತ್ತಿದ್ದುದರಿಂದ ಹಳೆಯದನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದ. ಬಾಗಿಲ ಮೇಲಿನ ಸ್ಕೂಲಿನ ಹೆಸರನ್ನು ಕೆರೆದು ತೆಗೆಸಿದ್ದರು. ಬಿಸಿಲಿಗೆ ಓರೆಯಾಗಿ ನಿಂತರೆ ಈಗಲೂ ಓದಬಹುದಿತ್ತು.

"ಇದಾ?" ಎಂದರು ಆಕೆ.

"ನಿನ್ನ ಕೈಗೆ ಒಗ್ಗಿದ ಗಾಡಿ. ಉಡುಗೊರೆ."

"ಆ ಕೆಂಪು ಕಾರು ನೋಡಿದ್ವಲ್ಲ ರೀ."

"ಅದನ್ನ ಯಾವನು ಓಡಿಸಿದ್ನೋ, ಎಲ್ಲಿ ಗುದ್ದಿದ್ನೋ. ಇದ್ರ ಕರುಳು ಕಿಡ್ನಿ ಎಲ್ಲ ನಂಗೊತ್ತು."

"ನಿಮಗೆ ಗೊತ್ತು. ಸರಿ."

ಹಾಗೆಂದರೂ ಆಕೆ ಕಾರನ್ನು ಒರೆಸಿದರು. ಸೀಟಿಗೆ ತಾವೇ ಹೊಲಿದ ಕವರು ಹಾಕಿದರು. ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ನಡೆದದ್ದನ್ನು ಮೇಷ್ಟ್ರು ದೊಡ್ಡ ವಿಷಯವೆಂಬಂತೆ ಹೇಳಿದರು. "ಎಡಗಡೆ ಪೆಡಲ್ ತೆಗೀಲಾ, ಇರ್ಲಾ ಮೇಷ್ಟ್ರೇ?" ಎಂದು ಅವನು ಕೇಳಿದನಂತೆ. "ತೆಗಿ ಮಾರಾಯ, ಕೊಡ್ತಿರೋದು ಹೆಂಡತಿಗೆ, ಶಿಷ್ಯೆಗಲ್ಲ," ಎಂದರಂತೆ. ಪೆಡಲುಗಳು ಹೋಗಿದ್ದವು. ಅವು ಇದ್ದ ಕಡೆ ನೆಲದಲ್ಲಿ ತೂತು ಉಳಿದಿತ್ತು. ಅದಕ್ಕೆ ಅವನು ರಬ್ಬರು ತುರುಕಿದ್ದ.

ಮುಂದಿನ ಭಾನುವಾರ ಆಕೆ ತಾಯಿಯನ್ನು ನೋಡಲು ಹೊರಟರು. ಅಮ್ಮನನ್ನು ಕಾರಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತೇನೆಂದು ಮೊದಲೇ ಫೋನಿನಲ್ಲಿ ಹೇಳಿದ್ದರು.

"ನಾನೂ ಬರ್ತೀನಿ," ಎಂದರು ಮೇಷ್ಟ್ರು.

"ಬೇಡ."

"ಸುಮ್ನೆ ಕೂತಿರ್ತೀನಿ ಕಣೇ."

"ನೀವು ಸುಮ್ನೆ ಕೂತಿದ್ದನ್ನ ನಾನಿನ್ನೂ ನೋಡಿಲ್ಲ."

ರಜೆಯ ಬೆಳಗು, ರಸ್ತೆ ಖಾಲಿ. ಬ್ರೇಕು ಯಾಕೋ ಬಿಗಿ ಅನ್ನಿಸಿತು. ಮೆಕ್ಯಾನಿಕ್ಕು ಏನೋ ಮಾಡಿದ್ದಾನೆ ಎಂದುಕೊಂಡರು. ನಿಧಾನವಾಗಿಯೇ ಓಡಿಸಿದ್ದರಿಂದ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕಾಗುತ್ತಿತ್ತು. ಒಂದು ಕಡೆ ಕಾರು ತಾನೇ ಕೆಮ್ಮಿ ಆಫ್ ಆಯಿತು. ಮತ್ತೆ ಶುರು ಮಾಡಿದರು. ತಮ್ಮನ ಮನೆಯಿರುವ ಬೀದಿ ಇಳಿಜಾರು. ಮನೆಯ ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ತಾಯಿ ಕೂತಿದ್ದರು. ಮಗಳ ಕಾರು ಬರುವುದನ್ನು ಮಸುಕುಗಣ್ಣಲ್ಲೇ ನೋಡಬೇಕಿತ್ತು.

ಆಕೆ ಯಾವಾಗಲೂ ಇಡುತ್ತಿದ್ದ ಹಾಗೆ ಬ್ರೇಕಿನ ಮೇಲೆ ಕಾಲಿಟ್ಟರು. ಯಾವಾಗಲೂ ಇಳಿಯುವ ಹಾಗೆ ಅದು ಇಳಿಯಲೆಂದು ಕಾದರು. ಇಳಿಯಲಿಲ್ಲ. ಒತ್ತಬೇಕು ಎಂದು ಹೊಳೆಯುವಷ್ಟರಲ್ಲಿ ಕುರ್ಚಿ ಮುಂದೆ ಇತ್ತು.

ಕೈ ಬೀಸಲೆಂದು ತಾಯಿ ಎದ್ದು ಗೇಟಿನ ಕಂಬ ಹಿಡಿದು ಪಕ್ಕಕ್ಕೆ ಸರಿದಿದ್ದರು. ಕುರ್ಚಿ ಬಂಪರಿನಡಿ ಪುಡಿಯಾಯಿತು. ಕಾರು ಗೋಡೆಗೆ ಮೂತಿ ಒತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತಾಯಿ ಹಿಡಿದ ಕಂಬ ಬಿಡಲಿಲ್ಲ. ತಮ್ಮ ಬನಿಯನ್ನಿನಲ್ಲೇ ಓಡಿ ಬಂದ.

"ಏನಕ್ಕಾ ಇದು! ಲೈಸೆನ್ಸ್ ಯಾವನು ಕೊಟ್ಟ ನಿಂಗೆ?"

ಭಾವನಿಗೆ ಫೋನು ಹೋಯಿತು. ಮೇಷ್ಟ್ರು ಬಂದವರೇ ಕಾರಿನಲ್ಲಿ ಕೂತು ಒಂದೇ ಸಲಕ್ಕೆ ಹಿಂದೆ ತೆಗೆದು ನೇರ ಮಾಡಿ ನಿಲ್ಲಿಸಿದರು. ನೆರೆಹೊರೆಯವರು ಮೆಚ್ಚುಗೆಯಿಂದ ನೋಡಿದರು. "ಇನ್ಮೇಲೆ ಭಾವನೇ ಕರ್ಕೊಂಡು ಬರ್ಲಿ. ಈ ಬೀದೀಲಿ ಮಕ್ಕಳು ಆಡ್ತಾವೆ," ಎಂದ ತಮ್ಮ. ತಾಯಿ ಮಗಳ ಕೆನ್ನೆ ತಡವಿ, "ಅಳಿಯಂದ್ರ ಜೊತೇನೇ ಬಾರಮ್ಮ. ನಿಂಗ್ಯಾಕೆ ಇದೆಲ್ಲ," ಎಂದರು. ಆ ದಿನ ಅವರು ಮತ್ತೆ ಮತ್ತೆ ಹೇಳಿದ್ದು ಈ ಮಾತನ್ನೇ.

ವಾಪಸು ಬರುವಾಗ ಮೇಷ್ಟ್ರು ಬಲಗಡೆ, ಆಕೆ ಎಡಗಡೆ. ಆಕೆ ಕಾಲಿನ ತುದಿಯಿಂದ ನೆಲದ ತೂತಿನ ರಬ್ಬರನ್ನು ಒತ್ತಿ ನೋಡಿದರು.

"ಬಸ್ ಸ್ಟ್ಯಾಂಡ್ ಹತ್ರ ಆ ನಾಯಿ ಬಂತಲ್ಲ. ನಿಲ್ಸಿದ್ದು ಯಾರು?"

"ನೀನೇ."

"ರೀ."

"ಇಬ್ರೂ ಅಂತಿಟ್ಕೋ."

"ಸೇತುವೆ ಇಳಿಜಾರಲ್ಲಿ?"

ಮೇಷ್ಟ್ರು ಗೇರು ಬದಲಿಸಿದರು.

"ಪರೀಕ್ಷೆ ದಿನ?"

"ಅವತ್ತು ನೀನು ತುಂಬಾ ಹೆದರಿದ್ದೆ ಕಣೇ. ಫೇಲಾದ್ರೆ ನಿಂಗೇ ಬೇಜಾರು ಅಂತ..."

"ಹಾಗಾದ್ರೆ ಇಷ್ಟು ದಿನ ನಾನೇನು ಮಾಡ್ತಿದ್ದೆ?"

"ಸ್ಟೀರಿಂಗ್ ಹಿಡಿದಿದ್ದು ನೀನೇ," ಎಂದು, ಸ್ವಲ್ಪ ಯೋಚಿಸಿ, "ಹೆಚ್ಚು ಕಮ್ಮಿ," ಎಂದು ಸೇರಿಸಿದರು. ಪೂರ್ತಿ ಸುಳ್ಳು ಹೇಳುವುದು ಅವರಿಗೆ ಒಗ್ಗದು.

ಮೋಸ ಮಾಡಬೇಕೆಂದು ಮಾಡಿದ್ದಲ್ಲ ಎನ್ನುತ್ತಾರೆ ಮೇಷ್ಟ್ರು. ಅದು ನಿಜವೇ. ಬೇರೆ ಶಿಷ್ಯರ ಪಕ್ಕ ಕೂತಾಗ ಹಿಂದಕ್ಕೆ ಬರುವ ಕಾಲು ಹೆಂಡತಿಯ ಪಕ್ಕ ಕೂತಾಗ ಬರಲಿಲ್ಲ. ಅವಳಿಗೇನಾದರೂ ಆದರೆ ಎಂಬ ಯೋಚನೆ ಕಾಲಿಗೆ ಮೊದಲು ತಲುಪುತ್ತಿತ್ತು. ಪರೀಕ್ಷೆಯ ದಿನ ಬಿಟ್ಟರೆ, ಎಷ್ಟು ಸಲ ಒತ್ತಿದೆನೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಚೆನ್ನಾಗಿ ಓಡಿಸುತ್ತಾಳೆಂದು ಅವರೂ ನಂಬಿದ್ದರು. ಆ ನಂಬಿಕೆಯಿಂದಲೇ ಪೆಡಲು ತೆಗೆಸಿದ್ದರು.

ಆಕೆಗೆ ಇದೆಲ್ಲ ಅರ್ಥವಾಗುತ್ತದೆ. ಅರ್ಥವಾದ್ದರಿಂದ ಸಿಟ್ಟು ಕಡಿಮೆಯಾಗಿಲ್ಲ. ಲಾಂಡ್ರಿಯಲ್ಲಿ ಯಾರೋ ನಾಯಿಯ ಕಥೆ ಹೇಳೆಂದಾಗ "ಅದು ನನ್ನ ಕಥೆಯಲ್ಲ, ಅವರದ್ದು," ಎಂದು ಹಾಸುಬಟ್ಟೆಯ ಮೂಲೆ ಎಳೆದರು. ಗೆಳತಿಯ ಕೈಯಿಂದ ಬಟ್ಟೆ ಕಿತ್ತುಕೊಂಡು ಬಂತು.

ಮನೆಯಲ್ಲಿ ಇನ್ನೂ ಕೆಟ್ಟದಾದದ್ದು ಕೆಲವು ದಿನಗಳ ನಂತರ. ಬಂಪರು ಸರಿ ಮಾಡಿಸಲು ಹೋದ ಮೇಷ್ಟ್ರು ನಗುನಗುತ್ತಾ ಬಂದರು. "ಬಾ, ಒಂದು ತೋರಿಸ್ತೀನಿ," ಎಂದು ಎಡಗಡೆಯ ಬಾಗಿಲು ತೆರೆದರು. ಕ್ಲಚ್ಚು, ಬ್ರೇಕು ಎರಡೂ ಮತ್ತೆ ಬಂದು ಕೂತಿದ್ದವು. ಪೆಡಲುಗಳಿಗೆ ಹೊಸ ರಬ್ಬರಿನ ಹೊದಿಕೆ ಬೇರೆ.

"ಇನ್ನು ನಿಂಗೆ ಭಯ ಇಲ್ಲ. ಎಲ್ಲಿಗೆ ಹೋದ್ರೂ ನಾನು ಪಕ್ಕದಲ್ಲಿರ್ತೀನಿ. ಅಮ್ಮನ ಮನೆಗೂ ನೀನೇ ಓಡಿಸ್ಕೊಂಡು ಹೋಗು."

ಆಕೆ ಬಗ್ಗಿ ಎರಡೂ ಪೆಡಲುಗಳನ್ನು ನೋಡಿದರು. ಆಮೇಲೆ, "ನಾನು ಓಡಿಸ್ತಾ ಇದ್ದೀನಿ ಅಂತ ಅಮ್ಮಂಗೂ ಅನ್ನಿಸ್ಬೇಕು, ಅಲ್ವಾ?" ಎಂದು ಕೇಳಿದರು.

"ಹೂಂ ಮತ್ತೆ," ಎಂದರು ಮೇಷ್ಟ್ರು ಸಂತೋಷದಿಂದ.

ಆಕೆ ಸೀಟಿನ ಕವರುಗಳನ್ನು ಬಿಚ್ಚಿಕೊಂಡು ಒಳಗೆ ಹೋದರು.

ಈಗ ಭಾನುವಾರ ಆಕೆ ಎರಡು ಬಸ್ಸು ಬದಲಿಸಿ ತಾಯಿಯ ಹತ್ತಿರ ಹೋಗುತ್ತಾರೆ. ಕೊನೆಯ ಬಸ್ಸಿನವರೆಗೆ ಕೂರುತ್ತಾರೆ. ತಾಯಿ ಕೇಳುವುದು ಒಂದೇ: "ಅಳಿಯಂದ್ರು ಯಾಕೆ ಬರ್ಲಿಲ್ಲ?" ಹೊಸ ಮಾತು ಇನ್ನೂ ಬಂದಿಲ್ಲ.

ರೈಲು ಗೇಟಿನ ಆಚೆಗೆ ಇನ್ನೊಂದು ಡ್ರೈವಿಂಗ್ ಸ್ಕೂಲಿದೆ. ಅಲ್ಲಿ ಕಲಿಸುವವಳು ಮೇಷ್ಟ್ರ ಹಳೆಯ ಶಿಷ್ಯೆ. ಆಕೆ ಹೆಸರು ಬರೆಸಲು ಹೋದಾಗ, ಯಾರೆಂದು ಗುರುತಿಸಿ ಅವಳು ಗಲಿಬಿಲಿಗೊಂಡಳು. "ಆಂಟಿ, ಮನೇಲೇ ಗುರುಗಳಿದ್ದಾರಲ್ಲ?" ಎಂದಳು.

"ಇದ್ದಾರೆ. ನೀನು ಬ್ರೇಕ್ ಮುಟ್ದೆ ಕಾಲು ಮೇಲಿಟ್ಕೊಂಡು ಕೂರ್ತೀಯಾ?"

"ಮೊದ್ಲು ಆಗಲ್ಲ ಆಂಟಿ. ಆಮೇಲೆ ಖಂಡಿತ."

"ಆ ಆಮೇಲೆ ಯಾವಾಗ ಬಂತು ಅಂತ ನಂಗೆ ಹೇಳ್ಬೇಕು. ಹೇಳ್ತೀಯಾ?"

ಹೇಳುತ್ತೇನೆಂದು ಅವಳು ಒಪ್ಪಿಕೊಂಡಿದ್ದಾಳೆ. ಪಾಠ ಸೋಮವಾರ ಬೆಳಿಗ್ಗೆ ಶುರು. ಎಡಗಡೆಯ ಬ್ರೇಕಿನ ಸಮೇತ ಮನೆ ಮುಂದೆ ನಿಂತಿರುವ ಬಿಳಿ ಕಾರನ್ನು, ಆಕೆ ಬೇಡವೆಂದದ್ದರಿಂದ, ಅದೇ ವಾರ ಮೇಷ್ಟ್ರ ಸ್ಕೂಲಿನ ಮಾಲೀಕ ವಾಪಸು ಒಯ್ಯುತ್ತಾನೆ.