ಹಸಿರು ಪರದೆಯಾಚೆ ಕಂಡ ಗುಲಾಬಿ ಸೀರೆ

ಆಗೆಲ್ಲ ಪರೀಕ್ಷೆ ಮುಗಿದ ಮರುದಿನವೇ ವಿಜಯಪುರದಿಂದ ತಿಕೋಟಾ ಬಸ್ಸು ಹತ್ತುತ್ತಿದ್ದೆ. ಸೂಟಿ ಎಂದರೆ ಮಾವನ ಮನೆ ಎಂದು ನಂಬಿ ಬೆಳೆದವರಿಗೆ ಆ ಬಸ್ಸಿನ ಖುಷಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾವನ ದ್ರಾಕ್ಷಿ ತೋಟದ ಮಗ್ಗುಲಲ್ಲೇ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡು ಇತ್ತು. ತಂತಿಬಲೆಯ ಹಂತಗಳ ಮೇಲೆ ಹಣ್ಣು ಹರವಿ, ಸುತ್ತಲೂ ಹಸಿರು ಪರದೆ ಇಳಿಬಿಡುತ್ತಿದ್ದರು. ಒಳಗೆ ಹುಳಿಸಿಹಿ ಘಮ, ನೊಣಗಳ ಗುಂಯ್‌ಗುಟ್ಟುವಿಕೆ. ನೇರ ಬಿಸಿಲು ತಾಗಿದರೆ ಹಸಿರಾಗಿ ಉಳಿಯಬೇಕಾದ ಮಣೂಕ ಕಂದಾಗಿ ಕೆಡುತ್ತಿತ್ತು. ಹಾಗಾಗಿ ಹಗಲಲ್ಲಿ ಪರದೆ ಎತ್ತುವುದು ಅಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು.

ಮಣೂಕವನ್ನು ಬಣ್ಣ ನೋಡಿ ಆರಿಸುವ ಹೆಂಗಸರಲ್ಲಿ ಗಂಗವ್ವನ ಕಣ್ಣು ಹೆಸರುವಾಸಿ. ಬಬಲೇಶ್ವರದ ಹತ್ತಿರದ ಜೈನಾಪುರದಾಕೆ. ಹಂಗಾಮು ಮುಗಿಯುವ ತನಕ ಮಗಳು ರೇಣುಕಾಳೊಂದಿಗೆ ತೋಟದಲ್ಲೇ ಇರುತ್ತಿದ್ದಳು. ನಾನೂ ರೇಣುಕಾಳೂ ಒಂದೇ ವಾರಿಗೆ. ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಗಂಗವ್ವ ಇಬ್ಬರಿಗೂ ಅರ್ಧರ್ಧ ಕೊಡುತ್ತಿದ್ದಳು.

ಅವಳದೊಂದು ಕಟ್ಟುನಿಟ್ಟು ಇತ್ತು. ಶೆಡ್ಡಿನಿಂದ ಹೊರಬಂದ ಕೂಡಲೇ ಅವಳು ಆರಿಸಲು ಕೂರುತ್ತಿರಲಿಲ್ಲ. ಮುಖ ತೊಳೆದು, ಕಣ್ಣು ಮುಚ್ಚಿ ಬೇವಿನ ನೆರಳಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು.

"ಯಾಕ ಬೇ, ನಿದ್ದಿ ಬಂತೇನು?" ಎಂದು ನಾವು ಕಾಡುತ್ತಿದ್ದೆವು.

"ನಿಮ್ಮಂಗ ಮಕ್ಕೊಳ್ಳಾಕ ಬಂದೀನೇನಲೇ? ಪರದ್ಯಾಗಿಂದ ಬಂದ ಕಣ್ಣು ಸುಳ್ಳು ಹೇಳ್ತಾವ. ಅವಕ್ಕ ಖರೇ ಹೇಳೂದು ನೆನಪಾಗೂತನಾ ತಡೀಬೇಕು."

ಒಂದು ಮಧ್ಯಾಹ್ನ ಪಡುವಣ ಬದಿಯ ಪರದೆ ಎತ್ತಿಕಟ್ಟಿದ್ದು ಕಂಡಿತು. ಯಾರಾದರೂ ನೋಡುವ ಹೊತ್ತಿಗೆ ಎರಡು ಹಂತದ ಮಣೂಕ ಕಂದಾಗಿಬಿಟ್ಟಿತ್ತು. ಮಾವ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ. ನಾನು ಮೂಡಣ ಬದಿಯಿಂದ ಆಗತಾನೆ ಹೊರಬಂದಿದ್ದೆ. ಬರುವಾಗ ಶೆಡ್ಡಿನ ಮೂಲೆಯಲ್ಲಿ ಒಬ್ಬಾಕೆಯ ಸೆರಗು ಪಡುವಣ ಬದಿಯಿಂದ ಸರಿದು ಹೋದದ್ದನ್ನು ನೋಡಿದ್ದೆ.

"ಯಾರನ್ನರ ನೋಡಿದೇನಲೇ?"

"ಗುಲಾಬಿ ಸೀರಿ ಉಟ್ಟಾಕಿ, ಮಾವ."

"ಖರೇನ?"

"ದೇವರಾಣಿ ಖರೇನ."

ಆ ದಿನ ಗುಲಾಬಿ ಸೀರೆ ಉಟ್ಟವಳು ಗಂಗವ್ವ ಒಬ್ಬಳೇ.

"ಹುಡುಗ ಈಗಷ್ಟ ಪರದ್ಯಾಗಿಂದ ಬಂದಾನ್ರಿ, ಒಂದಿಷ್ಟು ತಡದು ಕೇಳ್ರಿ," ಎಂದಳು ಗಂಗವ್ವ. ಮಾವ ಅದನ್ನು ನೆಪ ಎಂದುಕೊಂಡ. ಸಂಜೆಯೊಳಗೆ ತಾಯಿ-ಮಗಳು ಗಂಟು ಕಟ್ಟಿದರು. ರೇಣುಕಾ ನನ್ನತ್ತ ತಿರುಗಿಯೂ ನೋಡಲಿಲ್ಲ.

ವರ್ಷಗಳ ನಂತರ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಮೇಷ್ಟ್ರು ಪರದೆಯ ಮೇಲೆ ಹಸಿರು ಚೌಕ ತೋರಿಸಿ, ಕಣ್ಣು ಕದಲಿಸದೆ ನೋಡಿ ಎಂದರು. ಆಮೇಲೆ ಚೌಕ ತೆಗೆದರು. ಖಾಲಿ ಬಿಳಿ ಪರದೆಯ ಮೇಲೆ ಗುಲಾಬಿ ಚೌಕ ತೇಲಿತು. ಹಸಿರನ್ನು ನೋಡಿ ನೋಡಿ ದಣಿದ ಕಣ್ಣಿನಿಂದ ಮೆದುಳು ತಪ್ಪು ಲೆಕ್ಕ ಹಾಕುತ್ತದೆ, ಬಿಳಿಯನ್ನೂ ಗುಲಾಬಿ ಎನ್ನುತ್ತದೆ ಎಂದು ಅವರು ವಿವರಿಸಿದರು. ಎಲ್ಲರೂ ನಕ್ಕರು. ನನಗೆ ಶೆಡ್ಡಿನ ಮೂಲೆಯ ಆ ಸೆರಗು ನೆನಪಾಯಿತು. ಆ ತೋಟದಲ್ಲಿ ಬಿಳಿ ಸೀರೆ ಉಡುತ್ತಿದ್ದವಳು ನನ್ನ ಅಜ್ಜಿ, ಮಾವನ ತಾಯಿ, ಒಬ್ಬಳೇ. ಸೆಕೆಯಾದರೆ ಕಂಡದ್ದನ್ನೆಲ್ಲ ತೆರೆಯುವ ಅಭ್ಯಾಸ ಅವಳಿಗಿತ್ತು. ಕೇಳೋಣವೆಂದರೆ ಅಷ್ಟೊತ್ತಿಗೆ ಅವಳು ತೀರಿಕೊಂಡಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ನನಗೊಂದು ಉತ್ತರವಾದರೂ ಸಿಕ್ಕಂತಾಗುತ್ತಿತ್ತು. ಆದರೆ ಮಾವನ ಮಗ ಮಹೇಶನಿಗೆ ಇದನ್ನು ಹೇಳಿದಾಗ ಅವನು ನಕ್ಕ: "ಹಸಿರು ಪರದಿ ಆಮ್ಯಾಲ ಬಂದಾವಲೇ. ಆ ವರ್ಷ ಬಿಳೀ ಚೀಲ ಹೊಲದು ಕಟ್ಟಿದ್ವಿ." ಹಾಗಾದರೆ ನಾನು ನೋಡಿದ್ದು ನಿಜವಾಗಿಯೂ ಗುಲಾಬಿಯೇ? ಅಥವಾ ಮಹೇಶ ಬೇರೆ ವರ್ಷದ ಚೀಲಗಳನ್ನು ಆ ವರ್ಷಕ್ಕೆ ಹೊಲಿದನೇ? ಪ್ರತಿ ಸಲ ನೆನೆದಾಗಲೂ ಆ ಸೆರಗು ಹೆಚ್ಚು ಸ್ಪಷ್ಟವಾಗುತ್ತದೆ. ಅದಕ್ಕೇ ಅದರ ಮೇಲೆ ನಂಬಿಕೆ ಹೋಗಿದೆ.

ಹೋದ ತಿಂಗಳು ಜೈನಾಪುರಕ್ಕೆ ಹೋದೆ. ಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗುರುತು ಹೇಳಿದೆ. ಕಣ್ಣು, ಮೆದುಳು, ಹಸಿರು, ಗುಲಾಬಿ ಎಲ್ಲ ವಿವರಿಸಿದೆ.

"ಇದನ್ನ ಕಲ್ಯಾಕ ಅಷ್ಟು ದೊಡ್ಡ ಸಾಲಿಗೆ ಹೋಗಿದ್ದೇನು?" ಎಂದಳು. ಆಮೇಲೆ ಮೊರ ಕೆಳಗಿಟ್ಟಳು. "ಈಗೇನು, ನಾ ಎತ್ತಿಲ್ಲ ಅಂತಿಯೇನು?"

ಹೌದು ಅನ್ನಲು ಬಾಯಿ ತೆರೆದೆ. "ಗೊತ್ತಿಲ್ಲ ಬೇ," ಎಂದೆ. "ಏನು ನೋಡೀನಿ ಅನ್ನೂದ ನನಗ ಗೊತ್ತಿಲ್ಲ."

"ಅವತ್ತ ಇಷ್ಟ ಅಂದಿದ್ದರ ಸಾಕಿತ್ತಲ್ಲೋ ಯಪ್ಪಾ. ಆಮ್ಯಾಲ ಯಾವ ಶೆಡ್ಡಿಗೂ ನನ್ನ ಕರೀಲಿಲ್ಲ. ಪರದಿ ಎತ್ತಿದಾಕಿ ಅಂತ ಹೆಸರಾತು." ಮೊರವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು: "ನಿಮ್ಮ ಮಾವಗ ಹೇಳು. ಗೊತ್ತಿಲ್ಲ ಅಂತಾದರ ಹೇಳು."

ರೇಣುಕಾ ಕನಮಡಿಯಲ್ಲಿದ್ದಾಳಂತೆ. ಫೋನ್ ನಂಬರು ಕೇಳುವ ಧೈರ್ಯವಾಗಲಿಲ್ಲ.

ಬಬಲೇಶ್ವರದ ಬಸ್ ನಿಲ್ದಾಣದಿಂದ ಮಾವನಿಗೆ ಫೋನ್ ಮಾಡಿದೆ. "ಮಾವ, ಗಂಗವ್ವನ ವಿಷಯ. ಅವತ್ತ ನಾ ಗೊತ್ತಿಲ್ಲದ ಹೇಳಿದ್ದೆ."

"ಯಾವ ಗಂಗವ್ವಲೇ?"

ಅವನ ದನಿಯಲ್ಲಿ ನಟನೆ ಇರಲಿಲ್ಲ. ನಾನು ಕಳೆದುಕೊಂಡದ್ದು ಒಬ್ಬ ಗೆಳತಿಯನ್ನು, ಒಂದು ಸೂಟಿಯ ಮೇಲಿನ ನಂಬಿಕೆಯನ್ನು. ಗಂಗವ್ವ ಕಳೆದುಕೊಂಡದ್ದು ತನ್ನ ಕಣ್ಣಿಗಿದ್ದ ಹೆಸರನ್ನು. ಅದನ್ನು ಕಿತ್ತುಕೊಂಡವನಿಗೆ ಕಿತ್ತುಕೊಂಡದ್ದೇ ನೆನಪಿಲ್ಲ.

ವಿಜಯಪುರದ ಬಸ್ಸು ಬಂದು ನಿಂತಿತು. ಹತ್ತಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಮೊದಲಿನಿಂದ ಹೇಳತೊಡಗಿದೆ.