ಐದನೆಯ ಕಡ್ಡಿಗೆ ಮುಂಚೆ

ದುದ್ದದ ಮಲ್ಲಿಗಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಡೇರಿಗೆ ಹಾಕುವ ಹಾಲನ್ನೂ ಮನೆಯಲ್ಲಿ ಒಮ್ಮೆ ಅಳೆದುಕೊಂಡೇ ಹೊರಡುವವಳು. ಅವಳ ಹಸು ಚುಕ್ಕಿಗೆ ನಾಲ್ಕು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ. ಹೋರಿಯ ವೀರ್ಯ ತುಂಬಿ ಬಂದು ಖಾಲಿಯಾದ ಪ್ಲಾಸ್ಟಿಕ್ ಕಡ್ಡಿ ನಾಲ್ಕನ್ನೂ ಅವಳು ಸಾಕ್ಷಿಗೆಂದು ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಳು. ಐದನೆಯದೂ ಹುಸಿಯಾದರೆ ಚುಕ್ಕಿಯನ್ನು ದಲ್ಲಾಳಿಗೆ ಹಿಡಿದುಕೊಡುವುದೇ ಸೈ ಎಂದು ಗಂಡ ಲಕ್ಕಯ್ಯ ಹೇಳಿಯಾಗಿತ್ತು. ಕರುವಿನಿಂದ ಅವಳೇ ಸಾಕಿದ ಹಸು.

"ಹಳೇ ಕಡ್ಡಿ ತಂದ್ ಹಾಕ್ತಿದ್ದೀಯೇನ್ಲಾ?" ಎಂದು ಇಂಜೆಕ್ಷನ್ ಕೊಡುವ ರುದ್ರೇಶನನ್ನು ಗದರಿದಳು.

"ಅದೇ ಡಬ್ಬಿದು ಕಣಕ್ಕಾ ಮಾರಮ್ಮನ ಅಸುಗೂ ಆಕಿದ್ದು. ಅದು ಗಬ್ಬ ಆಗೈತೆ, ಓಗಿ ನೋಡು."

ಅನುಮಾನ ಪಕ್ಕದ ಮನೆಗೆ ದಾಟಿತು. ಮಾರಮ್ಮನ ಹಸುವಿಗೆ ಬರೀ ರಾಗಿ ಹುಲ್ಲು. ಚುಕ್ಕಿಗೋ ಮೂರು ಹೊತ್ತೂ ಹಸಿರು ಕುದುರೆಮಸಾಲೆ ಸೊಪ್ಪು, ಒಣಹುಲ್ಲು ಸೋಕಿಸುತ್ತಿರಲಿಲ್ಲ. ಆ ಸೊಪ್ಪನ್ನು ಮಾರಮ್ಮ ಒಂದು ಹಿಡಿ ಕೇಳಿದಾಗ ಕೊಟ್ಟಿರಲಿಲ್ಲ. ಅವಳ ಕಣ್ಣೇ ಬಿದ್ದಿರಬೇಕು.

ಚುಕ್ಕಿಯನ್ನು ನೋಡಲು ಬಂದ ಪಶುವೈದ್ಯೆ ಸಂಹಿತಾ ಗೋದಲಿಯೊಳಗೆ ಇಣುಕಿದರು. "ಬರೀ ಇದನ್ನೇ ಹಾಕ್ತೀರಾ? ಹೆಣ್ಣು ಹಾರ್ಮೋನ್ ಥರದ್ದೊಂದು ಅಂಶ ಇದರಲ್ಲಿರುತ್ತೆ. ಜಾಸ್ತಿ ಆದ್ರೆ ಗಬ್ಬ ತಪ್ಪಬಹುದು."

"ಅಂಗಾರೆ ನಾವ್ ತಿನ್ನೋ ಕಾಳು-ಗೀಳು?"

"ಸೋಯಾ ಕಾಳಲ್ಲಂತೂ ಇದೆ. ಆದ್ರೆ ನೀವು ತಿನ್ನೋದು ಹಿಡಿ, ಇದು ತಿನ್ನೋದು ಹೊರೆ. ಇದೇ ಕಾರಣ ಅಂತ ನಾನೂ ಖಂಡಿತ ಹೇಳಲಾರೆ. ಎರಡು ತಿಂಗಳು ಕಮ್ಮಿ ಮಾಡಿ ನೋಡಿ."

ಡಾಕ್ಟರಮ್ಮ ಸೊಪ್ಪು ಬಿಡಿಸಿ ಹಿಂಡಿ ಮಾರುವವರ ಕಡೆಯವರೇನೋ ಎಂದು ಮಲ್ಲಿಗಮ್ಮ ಎರಡು ದಿನ ಯೋಚಿಸಿದಳು. ಮೂರನೆಯ ದಿನ ದಲ್ಲಾಳಿ ಬಂದು ಚುಕ್ಕಿಯ ಬೆನ್ನು ತಡವಿ ಹೋದ. ಅವಳಿಗೆ ತಡೆಯಲಾಗಲಿಲ್ಲ. ಸೊಪ್ಪನ್ನು ಹಿಡಿಗಿಳಿಸಿ ರಾಗಿ ಹುಲ್ಲು ಹಾಕಿದಳು. ಚುಕ್ಕಿ ಮುಖ ತಿರುಗಿಸಿತು, ಆಮೇಲೆ ತಿಂದಿತು.

ಎರಡು ತಿಂಗಳಾದ ಮೇಲೆ ಐದನೆಯ ಕಡ್ಡಿ. ಅದಾದ ಮೂರು ತಿಂಗಳಿಗೆ ಸಂಹಿತಾ ಕೈಹಾಕಿ ನೋಡಿ, "ನಿಂತಿದೆ" ಅಂದರು.

"ಇನ್ನೊಂದ್ ಸಲ ನೋಡ್ಬುಡಿ" ಎಂದಳು ಮಲ್ಲಿಗಮ್ಮ.

ಆ ಸಂಜೆ ಚುಕ್ಕಿಗೆ ಹಿಡಿ ಹಾಕಿ ಮಿಕ್ಕಿದ ಸೊಪ್ಪನ್ನು ಹೊತ್ತು ಮಾರಮ್ಮನ ಬಾಗಿಲಿಗೆ ಹೋದಳು. "ಒಣಹುಲ್ಲಿನ್ ಜೊತೆ ಒಸಿ ಒಸಿ ಆಕು. ಬರೀ ಇದ್ನೇ ಆಕ್ಬ್ಯಾಡ."

ಮಾರಮ್ಮ ಹೊರೆಯನ್ನು ನೋಡಿದಳು, ಅವಳ ಮುಖವನ್ನೂ ನೋಡಿದಳು. "ಒಂದೆಳೆ ಕೊಡದೋಳು ಈಗ್ಯಾಕಮ್ಮಿ ಹೊರೆ ಹೊತ್ಕೊಂಡ್ ಬಂದೆ? ಏನ್ ಬೆರ್ಸಿದ್ದೀಯ ಇದ್ರಾಗೆ?"

ಮಲ್ಲಿಗಮ್ಮ ಹೊರೆಯಿಂದ ಒಂದೆಳೆ ಕಿತ್ತು, ಬಾಯಿಗಿಟ್ಟು, ಅವಳೆದುರೇ ಅಗಿದಳು.