ಕಿವಿಯಿಂದ ಶುರುವಾದ ನಾಯಿಗಳು

ನನ್ನ ನಾದಿನಿ ಬಸವನಗುಡಿಯ ಒಂದು ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗುತ್ತಿತ್ತು. ಆ ಮೂರು ತಿಂಗಳೂ ಪರೀಕ್ಷೆಯ ಅವಧಿ. ಕೊನೆಯ ಶನಿವಾರ ಅವಳು ಒಬ್ಬಳೇ ಒಂದು ಪಾಠ ಮಾಡಬೇಕು, ಮುಖ್ಯೋಪಾಧ್ಯಾಯಿನಿ ಹಿಂದೆ ಕೂತು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಸೋಮವಾರದಿಂದ ಆ ತರಗತಿ ಅವಳದು, ಇಲ್ಲದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಇದಕ್ಕೆ ಮೊದಲು ಎರಡು ಶಾಲೆಗಳಲ್ಲಿ ಅವಳ ದನಿ ಸಣ್ಣದು, ಮಕ್ಕಳನ್ನು ಹಿಡಿದು ಕೂರಿಸಲು ಸಾಲದು ಎಂದು ಹೇಳಿ ಕಳಿಸಿದ್ದರು. ಮೂರನೆಯ ಸಲವೂ ಹಾಗೇ ಆದರೆ ಈ ಕೆಲಸದ ಯೋಚನೆಯನ್ನೇ ಬಿಡುತ್ತೇನೆ ಎಂದು ಅವಳು ನನ್ನ ಹೆಂಡತಿಗೆ ಹೇಳಿದಳು. ಅಳದೆ ಹೇಳಿದಳು, ಅದಕ್ಕೇ ನಾವು ನಂಬಿದೆವು.

ಪಾಠದ ವಿಷಯ, ಕಾಗದ ಮಡಿಸಿ ಪ್ರಾಣಿ ಮಾಡುವುದು. ಮಕ್ಕಳು ಹದಿನೆಂಟು. ಎಲ್ಲರಿಗೂ ಮೂರೂವರೆ, ನಾಲ್ಕು ವರ್ಷ. ಆ ಬೆರಳುಗಳಿಗೆ ಹಂಸ, ಕಪ್ಪೆ ಎಲ್ಲ ಆಗದು ಎಂದು ಅವಳು ನಾಯಿಯ ಮುಖವನ್ನು ಆರಿಸಿಕೊಂಡಿದ್ದಳು. ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ. ಅದರ ನಡುವಿನ ತುದಿಯನ್ನು ಕೆಳಗೆ ಮಾಡಿ, ಅಕ್ಕಪಕ್ಕದ ಎರಡು ಮೂಲೆಗಳನ್ನು ಇಳಿಬಿಟ್ಟರೆ ಕಿವಿ. ಕೆಳಗಿನ ತುದಿಯನ್ನು ಮೇಲಕ್ಕೆ ಮಡಿಸಿದರೆ ಮೂತಿ. ಅಷ್ಟೇ.

ಗುರುವಾರ ಬೆಳಿಗ್ಗೆ ಅವಳು ಚಾಮರಾಜಪೇಟೆಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ಪಾಠದ ಪ್ಲಾನು, ಎರಡೂವರೆ ಪುಟ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವನು. ವರದಿಗಾರರು ಬರೆದದ್ದನ್ನು ತಿದ್ದಿ, ಕತ್ತರಿಸಿ, ಪುಟಕ್ಕೆ ಕೂರಿಸುವುದು ನನ್ನ ಕಸುಬು.

"ಭಾವ, ಒಂದೇ ಪುಟದಲ್ಲಿರ್ಲಿ ಅಂದಿದಾರೆ. ಸ್ವಲ್ಪ ಕಮ್ಮಿ ಮಾಡ್ಕೊಡಿ. ನೀವು ದಿನಾ ಇದೇ ಕೆಲಸ ಮಾಡ್ತೀರಲ್ಲ."

ಓದಿದೆ. 'ಇದು ರುಮಾಲು. ರುಮಾಲಿಗೆ ನಿದ್ದೆ ಬಂದಿದೆ. ಈ ಮೂಲೆ ಆ ಮೂಲೆಯ ಹತ್ತಿರ ಹೋಗಿ ಮಲಗುತ್ತೆ. ಬೆರಳಿಂದ ಉಜ್ಜಿ. ಇನ್ನೊಂದು ಸಲ ಉಜ್ಜಿ. ಎಲ್ಲರದ್ದೂ ಆಯ್ತಾ? ಇನ್ನೊಂದು ಸಲ ಉಜ್ಜಿ.' ಹೀಗೇ ಎರಡೂವರೆ ಪುಟ. ಕೆಂಪು ಪೆನ್ನು ತೆಗೆದುಕೊಂಡೆ. ಎರಡು ಸಲ ಬಂದದ್ದನ್ನು ಒಂದು ಸಲ ಮಾಡಿದೆ. ರುಮಾಲು ಹೋಯಿತು, ನಿದ್ದೆಯೂ ಹೋಯಿತು. ಆಮೇಲೆ ನಮ್ಮಲ್ಲಿ ಎಲ್ಲ ಸುದ್ದಿಗೂ ಮಾಡುವಂತೆ ಮುಖ್ಯವಾದದ್ದನ್ನು ಮೊದಲ ಸಾಲಿಗೆ ತಂದೆ. ನಾಯಿಯ ಮುಖದಲ್ಲಿ ಮುಖ್ಯವಾದದ್ದು ಕಿವಿ. ಕಿವಿ ಇಲ್ಲದಿದ್ದರೆ ಅದು ಬರೀ ತ್ರಿಕೋನ. ಹಾಗಾಗಿ ಹೀಗೆ ಬರೆದೆ: 'ಎರಡು ಮೂಲೆಗಳನ್ನು ಕಿವಿಯಂತೆ ಕೆಳಕ್ಕೆ ಮಡಿಸಿದರೆ ನಾಯಿಯ ಮುಖ ಸಿದ್ಧ. ಇದಕ್ಕೂ ಮುನ್ನ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿಕೊಂಡಿರಬೇಕು.' ಒಟ್ಟು ಹನ್ನೊಂದು ಸಾಲು.

ಕಾಫಿ ತಂದ ನನ್ನ ಹೆಂಡತಿ ಪುಟದ ಮೇಲಿನ ಕೆಂಪನ್ನು ನೋಡಿ, "ರೀ, ಅವು ಮೂರು ವರ್ಷದ ಮಕ್ಕಳು. ಸಂಪಾದಕೀಯ ಬರೀಬೇಡಿ," ಎಂದಳು.

"ಸುಮ್ನಿರು ಅಕ್ಕ, ಎಷ್ಟು ನೀಟಾಗಿದೆ ನೋಡು," ಎಂದಳು ನಾದಿನಿ. ನಾಯಿ ಮಡಿಸುವುದು ಅವಳ ಕೈಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಸಾಲನ್ನು ಅವಳು ಕೈಯೊಂದಿಗೆ ತಾಳೆ ಹಾಕಿ ನೋಡಲಿಲ್ಲ. ನಾನೂ ನೋಡಲಿಲ್ಲ. ಅದು ಅಂದೇ ಮುಖ್ಯೋಪಾಧ್ಯಾಯಿನಿಯ ಮೇಜು ಸೇರಿತು.

ಶನಿವಾರ ನನಗೆ ರಜೆ. ಕಾಗದ ಹಂಚಲು ಒಬ್ಬರು ಬೇಕು ಎಂದು ಅವಳು ಕೇಳಿದ್ದರಿಂದ ಹೋದೆ. ಕಾಟನ್‌ಪೇಟೆಯ ಹೋಲ್‌ಸೇಲ್ ಅಂಗಡಿಯಿಂದ ತಂದ ಕಾಗದ, ಒಂದು ಬದಿ ಕಿತ್ತಳೆ ಬಣ್ಣ, ಇನ್ನೊಂದು ಬದಿ ಬಿಳಿ. ಹದಿನೆಂಟು ಚೌಕ ಕತ್ತರಿಸಿದ್ದೆ, ಎರಡು ಹೆಚ್ಚಿಗೆ. ಅದಕ್ಕಿಂತ ಹೆಚ್ಚು ಬೇಕಾಗುವ ಕಾರಣ ನನಗೆ ಕಾಣಲಿಲ್ಲ.

ಶಿಶುವಿಹಾರ ಒಂದು ಹಳೆಯ ಮನೆಯ ಪಡಸಾಲೆಯಲ್ಲಿತ್ತು. ಮಕ್ಕಳು ಚಾಪೆಯ ಮೇಲೆ. ಮುಖ್ಯೋಪಾಧ್ಯಾಯಿನಿ ಹಿಂದೆ ಮಕ್ಕಳದೇ ಒಂದು ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮೇಲೆ ಮಾಡಿಕೊಂಡು ಕೂತಿದ್ದರು. ಕೈಯಲ್ಲಿ ನನ್ನ ಹನ್ನೊಂದು ಸಾಲು ಮತ್ತು ಪೆನ್ಸಿಲ್. ಪೆನ್ಸಿಲ್ ಮೊದಲ ಸಾಲಿನ ಮೇಲೆ ನಿಂತದ್ದನ್ನು ಕಂಡು ತಲೆ ಖಾಲಿಯಾಯಿತು, ಆ ಸಾಲೊಂದೇ ಉಳಿಯಿತು ಎಂದು ನಾದಿನಿ ಆಮೇಲೆ ಹೇಳಿದಳು.

"ಎರಡು ಮೂಲೆ ಹಿಡ್ಕೊಳ್ಳಿ," ಎಂದಳು. "ಕಿವಿ ಥರ ಕೆಳಗೆ ಮಡಿಸಿ."

ಮಕ್ಕಳು ಹೇಳಿದ್ದನ್ನೇ ಮಾಡಿದರು. ತ್ರಿಕೋನ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಚೌಕದ ಮೇಲಿನ ಎರಡು ಮೂಲೆಗಳನ್ನು ಮುಂದಕ್ಕೆ ಮಡಿಸಿದರು. ಅವಳು ತನ್ನ ಕೈಯಲ್ಲಿದ್ದ ಪ್ರತಿಯ ಎರಡನೆಯ ಸಾಲಿಗೆ ಬಂದಳು. "ಇದಕ್ಕೂ ಮುನ್ನ..." ಎಂದು ನಿಂತಳು. ಕಿಟಕಿಯ ಪಕ್ಕ ನಿಂತಿದ್ದ ನನಗೆ ಆಗ ಹೊಳೆಯಿತು. 'ಇದಕ್ಕೂ ಮುನ್ನ' ಎಂದು ನಾವು ಪತ್ರಿಕೆಯಲ್ಲಿ ದಿನಾ ಬರೆಯುತ್ತೇವೆ. ಯಾವ ಓದುಗರೂ ಹಿಂದಕ್ಕೆ ಹೋಗಿ ಏನನ್ನೂ ಮಾಡಬೇಕಾಗಿರುವುದಿಲ್ಲ.

"ಮಕ್ಕಳೇ, ಕಿವಿ ಬಿಚ್ಬಿಡೋಣ. ಮೊದಲಿಂದ ಮಾಡೋಣ."

ಮುಂದೆ ಕೂತಿದ್ದ ಎರಡು ಜುಟ್ಟಿನ ಹುಡುಗಿ ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಬಿಚ್ಚಲ್ಲ."

"ಯಾಕೆ ಪುಟ್ಟಿ?"

"ನಾಯಿಗೆ ನೋವಾಗತ್ತೆ."

"ಅದು ನಾಯಿ ಅಲ್ಲ ಕಣೆ, ಬ್ರೆಡ್ಡು," ಎಂದ ಪಕ್ಕದ ಹುಡುಗ.

"ನಿಂದು ಬ್ರೆಡ್ಡು. ನಂದು ನಾಯಿ. ನೋಡಿ ಮಿಸ್, ನಮ್ಮನೆ ಗೇಟತ್ರ ಮಲ್ಕೊಳತ್ತಲ್ಲ, ಅದು."

ನೋಡಿದೆ. ಕಿತ್ತಳೆ ಬಣ್ಣದ ಚೌಕ ಮುಖ, ಎರಡು ಬಿಳಿ ಕಿವಿಗಳು ಜೋತುಬಿದ್ದಿವೆ. ನಾಯಿಯೇ. ಒಬ್ಬಳು ಹೇಳಿದ ಮೇಲೆ ಎಲ್ಲರಿಗೂ ಕಂಡಿತು. "ನಂದೂ ನಾಯಿ!" "ಮಿಸ್, ನಂದು ಕಚ್ಚತ್ತೆ!" ಒಬ್ಬ ಬೊಗಳಿದ. ಮರುಕ್ಷಣ ಪಡಸಾಲೆಯ ತುಂಬ ಬೊಗಳಾಟ. ಬ್ರೆಡ್ಡು ಎಂದ ಹುಡುಗ ತನ್ನ ಕಾಗದದ ಮೂಲೆಯನ್ನು ಕಚ್ಚಿ, "ನಾನು ತಿನ್ಬಿಟ್ಟೆ," ಎಂದು ಸಾರಿದ. ಮುಖ್ಯೋಪಾಧ್ಯಾಯಿನಿಯ ಪೆನ್ಸಿಲ್ ನಿಂತಿತ್ತು. ಹಿಂದಿನ ಎರಡು ಶಾಲೆಗಳು ಹೇಳಿದ್ದ ತಪ್ಪು ಇದೇ, ಮತ್ತು ಈಗ ಅದು ಎಲ್ಲರ ಕಣ್ಣ ಮುಂದೆ ನಡೆಯುತ್ತಿತ್ತು. ನಾದಿನಿ ನನ್ನ ಕಡೆ ನೋಡಿದಳು.

ಅವಳು ಪ್ಲಾನನ್ನು ನಾಲ್ಕಾಗಿ ಮಡಿಸಿ ಕಿಟಕಿಯ ಮೇಲಿಟ್ಟಳು. ಚಾಪೆಯ ಮೇಲೆ ಮಕ್ಕಳ ನಡುವೆಯೇ ಕೂತಳು. ದನಿ ಏರಿಸಲಿಲ್ಲ, ಇನ್ನೂ ಇಳಿಸಿದಳು.

"ಶ್... ನಾಯಿಗಳಿಗೆ ನಿದ್ದೆ ಬಂದಿದೆ."

ಹತ್ತಿರದವರು ಕೇಳಿಸಿಕೊಳ್ಳಲು ಬಾಯಿ ಮುಚ್ಚಿದರು. ದೂರದವರಿಗೆ ಕೇಳಿಸದ ಕಾರಣ ಅವರು ತೆವಳಿಕೊಂಡು ಹತ್ತಿರ ಬಂದರು. "ಏನಂದ್ರು? ಏನಂದ್ರು ಮಿಸ್ಸು?" "ನಿದ್ದೆಯಂತೆ ಕಣೋ, ಸುಮ್ನಿರು." ನೆಲದ ಮೇಲೆ ಸಾಲಾಗಿ ಹದಿನೆಂಟು ನಾಯಿಗಳು ಮಲಗಿದವು. "ತಲೆ ಸವರಿ. ಇನ್ನೊಂದು ಸಲ ಸವರಿ. ಎಲ್ಲರ ನಾಯೀನೂ ಮಲಗ್ತಾ? ಇವಕ್ಕೆ ಈಗ ಒಬ್ಬ ಅಣ್ಣ ಬರ್ಬೇಕು. ಭಾವ, ಕಾಗದ."

ನನ್ನ ಹತ್ತಿರ ಎರಡೇ ಇದ್ದವು. ಚೀಲದಲ್ಲಿ ಆ ದಿನದ ನಮ್ಮ ಪತ್ರಿಕೆ ಇತ್ತು. ನೆಲಕ್ಕೆ ಕೂತು ಹರಿಯತೊಡಗಿದೆ. ಪತ್ರಿಕೆಯ ಕಾಗದ ಮೇಲಿನಿಂದ ಕೆಳಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಲಾಗಿ ಹರಿದರೆ ಹಾದಿ ತಪ್ಪುತ್ತದೆ. ಚೌಕಕ್ಕೆ ಎರಡೂ ಬೇಕು.

"ಅಂಕಲ್, ಇದು ಸೊಟ್ಟ," ಎಂದಳು ಎರಡು ಜುಟ್ಟಿನವಳು.

"ಸೊಟ್ಟ ಇದ್ರೆ ಬೀದಿ ನಾಯಿ ಆಗತ್ತೆ."

ಅವಳು ಯೋಚಿಸಿ ಒಪ್ಪಿದಳು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಕುರ್ಚಿಯಿಂದೆದ್ದು ಬಂದು, "ಕೊಡಿ ಇಲ್ಲಿ," ಎಂದು ಅರ್ಧ ಪತ್ರಿಕೆಯನ್ನು ಕಸಿದುಕೊಂಡರು. "ನಿಮ್ಮ ಪೇಪರ್ರಾ ಇದು?"

"ಹೌದು ಮೇಡಂ."

"ಚೆನ್ನಾಗಿ ಹರಿಯತ್ತೆ."

ಹದಿನೆಂಟು ಚೌಕಗಳಾದವು. ಈ ಸಲ ನಾದಿನಿ ತನ್ನ ಎರಡೂವರೆ ಪುಟದ ದಾರಿಯಲ್ಲೇ ಹೋದಳು. ಮೂಲೆ ನಿಧಾನವಾಗಿ ನಡೆದು ಇನ್ನೊಂದು ಮೂಲೆಯನ್ನು ಸೇರಿತು, ಬೆರಳುಗಳು ಮೂರು ಮೂರು ಸಲ ಉಜ್ಜಿದವು, ಯಾರೂ ಹಿಂದುಳಿಯಲಿಲ್ಲ. ಕಿವಿ ಬಂತು, ಮೂತಿ ಬಂತು. ಒಂದು ನಾಯಿಯ ಹಣೆಯ ಮೇಲೆ ಸಿನಿಮಾ ಜಾಹೀರಾತಿನ ನಾಯಕನ ಮೀಸೆ ಬಂದಿತ್ತು. ನಾನು ಶುಕ್ರವಾರ ತಿದ್ದಿದ್ದ ಸುದ್ದಿಯೊಂದು ಇನ್ನೊಂದರ ಮೂತಿಯೊಳಗೆ ಹೋಯಿತು.

ಮಕ್ಕಳು ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಹನ್ನೊಂದು ಸಾಲನ್ನು ಎತ್ತಿ ಹಿಡಿದರು. "ಇದನ್ನ ನೀವೇ ಬರೆದಿದ್ದಾ?"

ನಾದಿನಿ ನೆಲ ನೋಡಿದಳು. "ಬರೆದಿದ್ದು ನಾನೇ ಮೇಡಂ. ಆಮೇಲೆ..."

"ತಿದ್ದಿದ್ದು ನಾನು," ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹಂಗೆ ಹೇಳಿ," ಎಂದರು. ಮೊದಲು ಬರೆದದ್ದು ಇದೆಯೇ ಎಂದು ಅವಳನ್ನು ಕೇಳಿದರು. ಅವಳ ಬ್ಯಾಗಿನಲ್ಲಿತ್ತು. ನಾನು ಹೊಡೆದ ಕೆಂಪು ಗೆರೆಗಳ ಕೆಳಗಿನದನ್ನೇ ಅವರು ನಿಂತುಕೊಂಡು ಓದಿದರು.

"ಇದನ್ನ ಯಾಕೆ ಹೊಡೆದ್ರಿ?"

"ಎರಡು ಸಲ ಬಂದಿತ್ತು ಮೇಡಂ."

"ಮಕ್ಕಳಿಗೆ ನಾಲ್ಕು ಸಲ ಬರ್ಬೇಕು." ಎರಡೂವರೆ ಪುಟವನ್ನು ಫೈಲಿಗೆ ಹಾಕಿದರು. ನನ್ನ ಹನ್ನೊಂದು ಸಾಲನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಅವಳ ಕಡೆ ಸರಿಸಿದರು. "ಸೋಮವಾರ ಎಂಟೂವರೆಗೆ ಬನ್ನಿ. ಇದು ಇನ್ಮೇಲೆ ನಿಮ್ಮತ್ರಾನೇ ಇರ್ಲಿ."

"ಮೇಡಂ, ಅಂದ್ರೆ...?"

"ಅಂದ್ರೆ ಏನು? ಎಂಟೂವರೆ ಅಂದ್ರೆ ಎಂಟೂವರೆ. ಮುಂದಿನ ವಾರ ಬೆಕ್ಕು ಮಾಡ್ಸಿ. ಪ್ಲಾನ್ ನೀವೇ ಬರೀರಿ."

ರಸ್ತೆಯ ತಿರುವಿನವರೆಗೂ ನಾದಿನಿ ಬಿರುಸಾಗಿ ನಡೆದಳು. ಆಮೇಲೆ ಫೋನ್ ತೆಗೆದಳು. ಎಳನೀರು ಕುಡಿಯುತ್ತಿದ್ದವರು ಇಬ್ಬರು ತಿರುಗಿ ನೋಡುವಷ್ಟು ಜೋರಾಗಿ, "ಅಕ್ಕಾ! ಕ್ಲಾಸ್ ನಂದೇ ಕಣೆ!" ಎಂದಳು. ಅತ್ತ ಕಡೆಯಿಂದ ನನ್ನ ಹೆಂಡತಿ ಏನೋ ಕೇಳಿದ್ದು ನನಗೂ ಕೇಳಿಸಿತು.

"ಭಾವಾನಾ? ಇಲ್ಲೇ ಇದಾರೆ," ಎಂದಳು ನಾದಿನಿ. "ಪಾಪ, ತುಂಬ ಹೆಲ್ಪ್ ಮಾಡಿದ್ರು. ಕಾಗದ ಹರಿದುಕೊಟ್ರು."